ಚಳಿಗೆ ತೆಂಗಿನೆಣ್ಣೆ ಗಟ್ಟಿಯಾದರೆ ಗಿರಾಕಿಗೆ ಏನು ಹೇಳಲಿ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಎಣ್ಣೆ ಮಿಲ್ಲು ಇದೆ. ಊರಿನ ಕೊಪ್ಪರ ತೆಗೆದುಕೊಂಡು ಎಕ್ಸ್‌ಪೆಲ್ಲರ್‌ನಲ್ಲಿ ಎಣ್ಣೆ ತೆಗೆಯುತ್ತೇವೆ. ಕಾಸರಗೋಡು, ಕುಂಬಳೆ, ಉಪ್ಪಳದ ಅಂಗಡಿಗಳಿಗೆ ಕೊಡುವುದರ ಜೊತೆಗೆ ಈಗ ಬೆಂಗಳೂರು, ಬೆಳಗಾವಿ, ಪುಣೆಗೂ ಪಾರ್ಸೆಲ್ ಕಳಿಸುತ್ತಿದ್ದೇವೆ. ದಿಲ್ಲಿಯಿಂದಲೂ ಕೆಲವು ಆರ್ಡರ್ ಬರುತ್ತದೆ. ಕಳೆದ ಡಿಸೆಂಬರ್, ಜನವರಿಯಲ್ಲಿ ತುಂಬಾ ತೊಂದರೆಯಾಯಿತು. ‘ಎಣ್ಣೆ ಗಟ್ಟಿಯಾಗಿದೆ, ಮೇಣ ಹಾಕಿದ್ದೀರಿ’ ಎಂದು ಕೆಲವರು ವಾಪಸ್ ಕಳಿಸಿದರು. ಒಂದೇ ಡಬ್ಬದಲ್ಲಿ ಕಳಿಸಿದ ಬಾಟಲಿಗಳಲ್ಲಿ ಒಂದು ಪೂರ್ತಿ ಬಿಳಿ, ಇನ್ನೊಂದು ಅರ್ಧ ಮಾತ್ರ ಗಟ್ಟಿ. ಎಣ್ಣೆ ಕಡಿಮೆ ಇದೆ ಎಂದೂ ಜಗಳ. ಪರಿಚಯದ ವ್ಯಾಪಾರಿಯೊಬ್ಬರು, ‘ನೂರು ಕಿಲೋಗೆ ಹತ್ತು ಕಿಲೋ ಬೇರೆ ಎಣ್ಣೆ ಸೇರಿಸಿ, ಗಟ್ಟಿಯಾಗುವುದಿಲ್ಲ’ ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಆ ಎರಡು ತಿಂಗಳು ಹೊರಗೆ ಕಳಿಸುವುದನ್ನೇ ನಿಲ್ಲಿಸಬೇಕೇ? ಈ ಸಲ ಚಳಿಗೆ ಮೊದಲೇ ಏನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಹತ್ತು ಕಿಲೋ ಬೇರೆ ಎಣ್ಣೆ ಸೇರಿಸಲು ಮನಸ್ಸಿಲ್ಲ ಎಂದಿರಿ. ಅದು ಸರಿಯಾದ ಮನಸ್ಸು, ಹಾಗೇ ಇರಲಿ. ಅದರ ಲೆಕ್ಕವನ್ನು ಮುಂದೆ ಹೇಳುತ್ತೇನೆ. ನೀವು ಕೇಳಿದ್ದರಲ್ಲಿ ಎರಡು ಚಿಂತೆ ಕಲೆತುಹೋಗಿವೆ. ಎಣ್ಣೆಯೇ ಕೆಟ್ಟಿತೇ ಎನ್ನುವುದು ಒಂದು. ಗಿರಾಕಿಯ ನಂಬಿಕೆ ಕೆಟ್ಟಿತೇ ಎನ್ನುವುದು ಇನ್ನೊಂದು. ಎಣ್ಣೆಗೆ ಏನೂ ಆಗಿಲ್ಲ. ನಂಬಿಕೆಯ ಕೆಲಸ ಮಾತ್ರ ನವೆಂಬರ್‌ನಲ್ಲೇ ಶುರುವಾಗಬೇಕು.

ತೆಂಗಿನೆಣ್ಣೆ ಸುಮಾರು 24-25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕಿಂತ ಕೆಳಗೆ ಗಟ್ಟಿಯಾಗುತ್ತದೆ. ಇದರಲ್ಲಿರುವ ಕೊಬ್ಬಿನಾಮ್ಲಗಳಲ್ಲಿ ಸುಮಾರು 90% ಸ್ಯಾಚುರೇಟೆಡ್ ಜಾತಿಯವು. ಅದರಲ್ಲೂ ಅರ್ಧದಷ್ಟು ಲಾರಿಕ್ ಆಮ್ಲ ಒಂದೇ. ಇವುಗಳ ಅಣುಗಳು ನೇರವಾಗಿರುತ್ತವೆ, ಬೇಗ ಒತ್ತೊತ್ತಾಗಿ ಸೇರಿ ಹರಳು ಕಟ್ಟುತ್ತವೆ. ಸೂರ್ಯಕಾಂತಿ ಎಣ್ಣೆಯ ಅಣುಗಳಲ್ಲಿ ಮಡಿಕೆ ಇರುತ್ತದೆ, ಅವು ಹಾಗೆ ಸೇರಲಾರವು. ಅದಕ್ಕೇ ಅದು ಬೆಳಗಾವಿಯ ಚಳಿಯಲ್ಲೂ ನೀರಾಗಿಯೇ ಇರುತ್ತದೆ. ಹರಳುಗಳು ಬೆಳಕನ್ನು ಚದುರಿಸುವುದರಿಂದ ತಿಳಿ ಹಳದಿ ಎಣ್ಣೆ ಬಿಳಿಯಾಗಿ ಕಾಣುತ್ತದೆ. ಗಿರಾಕಿಗೆ ಮೇಣ ಅನಿಸುವುದು ಈ ಬಿಳುಪಿನಿಂದ. ಮನೆಯಲ್ಲಿ ತುಪ್ಪ ಗಟ್ಟಿಯಾದರೆ ಯಾರೂ ಗಾಬರಿಯಾಗುವುದಿಲ್ಲ. ಎಣ್ಣೆ ಎಂಬ ಹೆಸರಿರುವುದು ಗಟ್ಟಿಯಾದಾಗ ಗಾಬರಿಯಾಗುತ್ತಾರೆ.

ನಮ್ಮ ಕಾಸರಗೋಡಿನ ಕಡೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಚಳಿಗಾಲದಲ್ಲೂ ಬೆಳಗಿನ ಜಾವ 20-22 ಡಿಗ್ರಿಯವರೆಗೆ ಇಳಿದರೆ ಹೆಚ್ಚು. ಹತ್ತು ಗಂಟೆಗೆ ಬಿಸಿಲು ಬಂದರೆ ಎಲ್ಲ ಕರಗಿತು. ಬೆಂಗಳೂರಿನಲ್ಲಿ ಜನವರಿಯ ಬೆಳಗು 15-16 ಡಿಗ್ರಿ. ಪುಣೆ ಅದಕ್ಕಿಂತ ಚಳಿ. ದಿಲ್ಲಿಯಲ್ಲಿ ಜನವರಿಯ ಮಧ್ಯಾಹ್ನ ಕೂಡ 20ರ ಆಸುಪಾಸು. ಅಂದರೆ ದಿಲ್ಲಿಗೆ ಹೋದ ನಿಮ್ಮ ಬಾಟಲಿ ಆ ತಿಂಗಳು ತನ್ನಷ್ಟಕ್ಕೆ ಕರಗುವುದೇ ಇಲ್ಲ. ಬೆಂಗಳೂರಿನ ಗಿರಾಕಿಗೂ ದಿಲ್ಲಿಯ ಗಿರಾಕಿಗೂ ಒಂದೇ ಪ್ಯಾಕಿಂಗ್ ಕಳಿಸುವುದು ತಪ್ಪಾಗುವುದು ಇಲ್ಲಿ.

ಒಂದೇ ಡಬ್ಬದ ಎರಡು ಬಾಟಲಿ ಬೇರೆ ಬೇರೆ ಕಂಡದ್ದಕ್ಕೂ ಕಾರಣವಿದೆ. 24 ಡಿಗ್ರಿಗೆ ಬಂದ ಕೂಡಲೇ ಎಣ್ಣೆ ಗಟ್ಟಿಯಾಗಬೇಕೆಂದಿಲ್ಲ. ಹರಳು ಶುರುವಾಗಲು ಒಂದು ಬೀಜ ಬೇಕು. ಮೊದಲೇ ಉಳಿದ ಚೂರು ಹರಳು, ಮಡ್ಡಿಯ ಕಣ, ಯಾವುದಾದರೂ ಆದೀತು. ಅದಿಲ್ಲದ ಬಾಟಲಿ ಇನ್ನೂ ಎರಡು ಮೂರು ಡಿಗ್ರಿ ಇಳಿದರೂ ನೀರಾಗಿಯೇ ಉಳಿಯಬಹುದು. ಡಬ್ಬದ ಅಂಚಿನಲ್ಲಿದ್ದದ್ದು ಮೊದಲು ತಣ್ಣಗಾಗುತ್ತದೆ, ನಡುವಿನದು ತಡ. ಹಾಗಾಗಿ ಒಂದೇ ಟ್ಯಾಂಕಿನಿಂದ ತುಂಬಿದರೂ ಒಂದು ಬಿಳಿ, ಒಂದು ಅರೆಬರೆ. ನಿಧಾನವಾಗಿ ತಣ್ಣಗಾದರೆ ರವೆಯಂಥ ದೊಡ್ಡ ಕಾಳು ಕಟ್ಟುತ್ತದೆ, ಬೇಗ ತಣ್ಣಗಾದರೆ ನುಣ್ಣಗಿರುತ್ತದೆ. ಕಾಳಾದದ್ದು ಕಲಬೆರಕೆಯಲ್ಲ.

ನಂಬಿಕೆಗಳು, ಮತ್ತು ನಿಜ

‘ಗಟ್ಟಿಯಾದರೆ ಕಲಬೆರಕೆ’ ಎನ್ನುವವರ ಹಾಗೆಯೇ ‘ಗಟ್ಟಿಯಾದರೇ ಶುದ್ಧ’ ಎನ್ನುವವರೂ ಇದ್ದಾರೆ. ಎರಡನೆಯದನ್ನು ಮಿಲ್ಲಿನವರೇ ಲೇಬಲ್ ಮೇಲೆ ಅಚ್ಚು ಹಾಕಿಸುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಪಾಮ್ ಕರ್ನೆಲ್ ಎಣ್ಣೆ, ಅಂದರೆ ತಾಳೆಹಣ್ಣಿನ ಬೀಜದ ಎಣ್ಣೆ, ತೆಂಗಿನೆಣ್ಣೆಯ ಹಾಗೇ ಲಾರಿಕ್ ಆಮ್ಲದ್ದು. ಅದೂ ಚಳಿಗೆ ಚೆನ್ನಾಗಿ ಗಟ್ಟಿಯಾಗುತ್ತದೆ. ಮೋಸ ಮಾಡುವವರು ಬೆರೆಸಲು ಹುಡುಕುವುದು ಇಂಥ ಎಣ್ಣೆಯನ್ನೇ. ಗಟ್ಟಿಯಾಗುವುದನ್ನು ಶುದ್ಧತೆಯ ಸಾಕ್ಷಿ ಎಂದು ನೀವು ಹೇಳಿದರೆ ಆ ಮೋಸಕ್ಕೂ ಅದೇ ಸಾಕ್ಷಿಯಾಗುತ್ತದೆ.

ಫ್ರಿಜ್ ಪರೀಕ್ಷೆಯ ಕತೆಯೂ ಅಷ್ಟೇ. ಶುದ್ಧ ತೆಂಗಿನೆಣ್ಣೆ ಫ್ರಿಜ್‌ನಲ್ಲಿ ಕೆಲವು ಗಂಟೆ ಇದ್ದರೆ ಪೂರ್ತಿ ಕಲ್ಲಿನಂತಾಗಬೇಕು. ಮೇಲೆ ನೀರಾದ ಪದರ ಉಳಿದರೆ ಸಂಶಯ ಪಡುವುದು ನ್ಯಾಯ. ಅದು ಸೂರ್ಯಕಾಂತಿ ಎಣ್ಣೆಯೋ ಪೆಟ್ರೋಲಿಯಂನಿಂದ ತೆಗೆದ ಲಿಕ್ವಿಡ್ ಪ್ಯಾರಾಫಿನ್ನೋ ಆಗಿರಬಹುದು. ಆದರೆ ಅಡುಗೆಮನೆಯ ಕಪಾಟಿನಲ್ಲಿ, 22 ಡಿಗ್ರಿಯಲ್ಲಿ ಕಾಣುವ ಎರಡು ಪದರಕ್ಕೆ ಅರ್ಥವಿಲ್ಲ. ಆ ಉಷ್ಣತೆಯಲ್ಲಿ ಶುದ್ಧ ಎಣ್ಣೆಯೂ ಅರ್ಧ ಕಟ್ಟಿ ಅರ್ಧ ಹರಿಯುತ್ತದೆ.

ಶುದ್ಧತೆ ಹೇಳುವುದು ಲ್ಯಾಬ್. ಅಲ್ಲಿ ಮೊದಲು ನೋಡುವುದು ಅಯೋಡಿನ್ ವ್ಯಾಲ್ಯೂ. ಎಣ್ಣೆಯಲ್ಲಿ ಅನ್‌ಸ್ಯಾಚುರೇಟೆಡ್ ಅಂಶ ಎಷ್ಟಿದೆ ಎಂದು ಈ ಅಂಕಿ ತೋರಿಸುತ್ತದೆ. ಆಹಾರ ಸುರಕ್ಷತಾ ನಿಯಮದಲ್ಲಿ ತೆಂಗಿನೆಣ್ಣೆಗೆ 7.5ರಿಂದ 10ರ ನಡುವೆ ಇರಬೇಕು. ಪಾಮ್ ಕರ್ನೆಲ್‌ಗೆ ಸಾಮಾನ್ಯವಾಗಿ 14ರಿಂದ ಮೇಲೆ ಬರುತ್ತದೆ. ಪಾಮೋಲಿನ್‌ಗೆ, ಅಂದರೆ ತಾಳೆ ಎಣ್ಣೆಯ ತೆಳು ಭಾಗಕ್ಕೆ, 56ರ ಸುಮಾರು. ಸೂರ್ಯಕಾಂತಿಗೆ ನೂರರ ಮೇಲೆ.

ಈಗ ಆ ವ್ಯಾಪಾರಿ ಹೇಳಿದ ಹತ್ತು ಕಿಲೋ ಲೆಕ್ಕ ಹಾಕೋಣ. ನಿಮ್ಮ ಎಣ್ಣೆ 9 ಇದೆ ಎಂದುಕೊಳ್ಳಿ. ಹತ್ತರಲ್ಲೊಂದು ಪಾಲು ಪಾಮೋಲಿನ್ ಬಿದ್ದರೆ ಅಂಕಿ 13 ದಾಟುತ್ತದೆ. ಸೂರ್ಯಕಾಂತಿಯಾದರೆ 20ರ ಹತ್ತಿರ ಹೋಗುತ್ತದೆ. ಯಾವ ಲ್ಯಾಬಿನಲ್ಲೂ ಇದು ಮೊದಲ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಇಷ್ಟೆಲ್ಲ ಮಾಡಿಯೂ ಪುಣೆಯ ಚಳಿಗೆ ಎಣ್ಣೆ ಗಟ್ಟಿಯಾಗದೆ ಇರುವುದಿಲ್ಲ. ಹತ್ತು ಪಾಲು ಬೇರೆ ಎಣ್ಣೆಯಿಂದ ಕರಗುವ ಬಿಂದು ಸ್ವಲ್ಪ ಇಳಿಯುತ್ತದೆ, ಗಟ್ಟಿ ಬೆಣ್ಣೆಯಷ್ಟು ಮೆದುವಾಗುತ್ತದೆ, ಅಷ್ಟೇ. ಎರಡು ಎಣ್ಣೆ ಬೆರೆಸಿ ಕಾನೂನಿನಂತೆ ಮಾರುವ ದಾರಿ ಬೇರೆಯೇ ಇದೆ. ಅದರಲ್ಲಿ ಪ್ರತಿ ಎಣ್ಣೆಯೂ ಕನಿಷ್ಠ 20% ಇರಬೇಕು, ಅಗ್‌ಮಾರ್ಕ್ ಬೇಕು, ಲೇಬಲ್ ಮೇಲೆ ಪ್ರಮಾಣ ಬರೆಯಬೇಕು. ತೆಂಗಿನೆಣ್ಣೆ ಎಂದು ಬರೆದು ಒಳಗೆ ಬೇರೆಯದನ್ನು ಸೇರಿಸಿದರೆ ಅದು ಬರೀ ಕಲಬೆರಕೆ. 2018ರಲ್ಲಿ ಕೇರಳ ಸರಕಾರ ತೆಂಗಿನೆಣ್ಣೆಯ ಹಲವಾರು ಬ್ರಾಂಡುಗಳನ್ನು ಒಂದರ ಹಿಂದೆ ಒಂದರಂತೆ ನಿಷೇಧಿಸಿತ್ತು. ಆಗಿನಿಂದ ಗಿರಾಕಿಗಳ ಸಂಶಯವೂ ಜಾಸ್ತಿಯಾಗಿದೆ. 2025ರಲ್ಲಿ ಬೆಲೆ ಯದ್ವಾತದ್ವಾ ಏರಿದ ಮೇಲಂತೂ ಕೇಳುವುದೇ ಬೇಡ. ಇಷ್ಟು ದುಡ್ಡು ಕೊಟ್ಟವರು ಪ್ರಶ್ನೆ ಕೇಳುತ್ತಾರೆ. ಅದು ಅವರ ಹಕ್ಕು.

ಹೆದರಬೇಕಾದದ್ದು ಚಳಿಗಲ್ಲ, ನೀರಿಗೆ

ಚಳಿಗೆ ಗಟ್ಟಿಯಾಗಿ ಮತ್ತೆ ಕರಗಿದ ಎಣ್ಣೆ ಅದರಿಂದಲೇ ಹಾಳಾಗುವುದಿಲ್ಲ. ಸಣ್ಣ ಮಿಲ್ಲುಗಳಲ್ಲಿ ಚಳಿಗಾಲದ ಎಣ್ಣೆ ಫೆಬ್ರವರಿ, ಮಾರ್ಚ್‌ಗೆ ಕಮಟು ವಾಸನೆ ಬರುವುದನ್ನು ನಾನು ನೋಡಿದಾಗೆಲ್ಲ ಕಾರಣ ತೇವ.

ತೆಂಗಿನೆಣ್ಣೆ ಗಾಳಿಗೆ ಅಷ್ಟು ಬೇಗ ಕೆಡುವುದಿಲ್ಲ. ನೀರು ಸೇರಿದರೆ ಕೆಡುತ್ತದೆ. ಕೊಪ್ಪರದ ಬೂಸ್ಟಿನಿಂದ ಬರುವ ಕಿಣ್ವಗಳು ನೀರಿನ ಜೊತೆ ಸೇರಿ ಕೊಬ್ಬನ್ನು ಒಡೆಯುತ್ತವೆ. ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಆಗ ಬಾಯಲ್ಲಿ ಸಾಬೂನಿನ ರುಚಿ. ಬೇರೆ ಎಣ್ಣೆ ಹೀಗೆ ಒಡೆದರೆ ಅಷ್ಟು ಗೊತ್ತಾಗದು. ತೆಂಗಿನೆಣ್ಣೆಯಲ್ಲಿ ಸ್ವಲ್ಪ ಒಡೆದರೂ ನಾಲಿಗೆಗೆ ಹತ್ತುತ್ತದೆ.

ಹಾಗಾಗಿ ತಯಾರಿಯ ಮೊದಲ ಕೆಲಸ ಕೊಪ್ಪರದಲ್ಲಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ನಿಂತ ಮೇಲೆ ಬಿಸಿಲು ಚೆನ್ನಾಗಿರುತ್ತದೆ, ಒಣಗಿಸಲು ಒಳ್ಳೆಯ ಕಾಲ. ಆದರೆ ರಾತ್ರಿ ಇಬ್ಬನಿ ಬೀಳುತ್ತದೆ. ಅಂಗಳದಲ್ಲಿ ಹರಡಿದ ಕೊಪ್ಪರವನ್ನು ಸಂಜೆ ಆರಿದ ಮೇಲೆ ಒಳಗೆ ಹಾಕಿ, ಬೆಳಗ್ಗೆ ನೆಲ ಒಣಗಿದ ಮೇಲೆ ಮತ್ತೆ ಹರಡಿ. ಬಿಸಿ ಇರುವಾಗಲೇ ಟಾರ್ಪಾಲು ಮುಚ್ಚಿ ರಾಶಿ ಹಾಕಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಮಿಲ್ಲಿಗೆ ಹಾಕುವ ಕೊಪ್ಪರದ ತೇವ 6-7% ಇರಬೇಕು. ಮುರಿದರೆ ಟಕ್ ಎನ್ನಬೇಕು, ಬಾಗಬಾರದು. ಒಂದು ತೇವಮಾಪಕ ತೆಗೆದುಕೊಂಡರೆ ಅದರ ದುಡ್ಡು ಒಂದೇ ಸೀಸನ್‌ನಲ್ಲಿ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಹಳದಿ ಹಸಿರು ಬೂಸ್ಟು ಬಂದ ತುಂಡುಗಳನ್ನು ಒರೆಸಿ ಹಾಕಬೇಡಿ, ಬಿಸಾಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹಿಂಡಿಯ ಮೂಲಕ ಅದು ದನದ ಹೊಟ್ಟೆಗೂ ಹೋಗುತ್ತದೆ. ಬಿಸಿಲನ್ನೇ ನಂಬಲು ಆಗದಿದ್ದರೆ ಗೆರಟೆ ಉರಿಸುವ ಡ್ರೈಯರ್ ಇದೆ. ನಮ್ಮ ಕಾಸರಗೋಡಿನಲ್ಲೇ ಇರುವ ಸಿ.ಪಿ.ಸಿ.ಆರ್.ಐ. (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇಂಥ ಡ್ರೈಯರ್‌ಗಳನ್ನು ರೂಪಿಸಿದೆ. ಒಮ್ಮೆ ಹೋಗಿ ನೋಡಿ ಬನ್ನಿ. ನಿಮಗೆ ಅದು ಬಸ್ಸಿನ ದೂರ.

ಆಮೇಲೆ ಟ್ಯಾಂಕು. ಡಿಸೆಂಬರ್ ಬೆಳಗ್ಗೆ ಎಣ್ಣೆ ಸ್ವಲ್ಪ ಮಬ್ಬಾದರೆ ಮಡ್ಡಿ ಕೆಳಗೆ ಇಳಿಯುವುದಿಲ್ಲ, ಫಿಲ್ಟರ್ ಬಟ್ಟೆ ಕಟ್ಟಿಕೊಳ್ಳುತ್ತದೆ. ಸೋಸುವ ಕೆಲಸವನ್ನು ಮಧ್ಯಾಹ್ನಕ್ಕೆ ಹಾಕಿ. ಟ್ಯಾಂಕನ್ನು ಗಾಳಿ ಹೊಡೆಯುವ ಜಾಗದಿಂದ ಒಳಗೆ ತನ್ನಿ. ಬೇಸಿಗೆಗಿಂತ ಒಂದೆರಡು ದಿನ ಜಾಸ್ತಿ ನಿಲ್ಲಲು ಬಿಡಿ.

ಮಬ್ಬು ಯಾವುದು ಎಂದು ತಿಳಿಯುವುದು ಸುಲಭ. ಒಂದು ಗಾಜಿನ ಲೋಟದಲ್ಲಿ ಎಣ್ಣೆ ತೆಗೆದು 40 ಡಿಗ್ರಿಗೆ ಬಿಸಿ ಮಾಡಿ. ತಿಳಿಯಾದರೆ ಅದು ಹರಳು, ಚಿಂತೆ ಬೇಡ. ಮಬ್ಬು ಹಾಗೇ ಉಳಿದರೆ ನೀರು ಅಥವಾ ಮಡ್ಡಿ. ಅನುಮಾನವಿದ್ದರೆ ಸ್ವಲ್ಪ ಎಣ್ಣೆಯನ್ನು ಚಮಚದಲ್ಲಿ ಕಾಯಿಸಿ, ಮುಖ ದೂರ ಇಟ್ಟುಕೊಳ್ಳಿ. ಚಟಪಟ ಎಂದರೆ ನೀರಿದೆ. ಆ ಎಣ್ಣೆಯನ್ನು ಬಾಟಲಿಗೆ ಹಾಕಬೇಡಿ.

ಪ್ಯಾಕಿಂಗ್: ಏನೇನು ದಾರಿ, ಏನೇನು ಅಪಾಯ

ಗಿರಾಕಿಯ ಜಗಳ ಹೆಚ್ಚಾಗಿ ಬಾಟಲಿಯ ಕತ್ತಿನಲ್ಲಿ ಶುರುವಾಗುತ್ತದೆ. ಸಣ್ಣ ಬಾಯಿಯ ಬಾಟಲಿಯಲ್ಲಿ ಗಟ್ಟಿಯಾದರೆ ಎಣ್ಣೆ ಹೊರಗೆ ಬರುವುದಿಲ್ಲ. ಅಲ್ಲಿಗೆ ಸಿಟ್ಟು ಬರುತ್ತದೆ, ಆಮೇಲೆ ಸಂಶಯ. ಅಗಲ ಬಾಯಿಯ ಜಾಡಿಯಾದರೆ ಚಮಚ ಹಾಕಿ ತೆಗೆಯುತ್ತಾರೆ, ಮಾತೇ ಇಲ್ಲ. ಪುಣೆ, ದಿಲ್ಲಿ, ಮಡಿಕೇರಿಯಂಥ ಊರುಗಳಿಗೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಜಾಡಿಯನ್ನೇ ಕಳಿಸಿ ಎಂದು ನಾನು ಹೇಳುವುದು. ತೊಂದರೆ ಇಲ್ಲದಿಲ್ಲ. ಜಾಡಿಗೆ ಬಾಟಲಿಗಿಂತ ಖರ್ಚು ಜಾಸ್ತಿ. ದೊಡ್ಡ ಮುಚ್ಚಳ ಎಂದರೆ ಸೋರುವ ಜಾಗವೂ ದೊಡ್ಡದು. ಇಲ್ಲಿಂದ ಹೊರಡುವಾಗ ಎಣ್ಣೆ ನೀರಾಗಿಯೇ ಇರುತ್ತದೆ, ಘಟ್ಟ ಹತ್ತುವವರೆಗೂ ಅಲುಗಾಡುತ್ತದೆ. ಮುಚ್ಚಳದ ಒಳಗೆ ಶಾಖದಿಂದ ಅಂಟಿಸುವ ಫಾಯಿಲ್ ಸೀಲ್ ಹಾಕದೆ ಜಾಡಿ ಕಳಿಸಬೇಡಿ. ಗಿರಾಕಿ ಒದ್ದೆ ಚಮಚ ಹಾಕುತ್ತಾರೆ ಎನ್ನುವ ಅಪಾಯವೂ ಇದೆ. ‘ಒಣ ಚಮಚ ಬಳಸಿ’ ಎಂಬ ಮೂರು ಶಬ್ದ ಜಾಡಿಯ ಮೇಲೆ ಇರಲಿ.

ಬೆಂಗಳೂರು, ಬೆಳಗಾವಿಗೆ ಬಾಟಲಿಯೇ ಸಾಕು. ಅಲ್ಲಿ ಮಧ್ಯಾಹ್ನ ಬಿಸಿಲಿಗೆ ಇಟ್ಟರೆ ಕರಗುತ್ತದೆ. ತಲೆಗೆ ಹಚ್ಚುವವರು ಬಾಟಲಿಯನ್ನೇ ಇಷ್ಟಪಡುತ್ತಾರೆ. ಆದರೆ ಕರಗಿಸುವುದು ಹೇಗೆಂದು ಹೇಳದಿದ್ದರೆ ಕುದಿಯುವ ನೀರಿಗೆ ಹಾಕುತ್ತಾರೆ. ಪೆಟ್ ಬಾಟಲಿ 70 ಡಿಗ್ರಿ ದಾಟಿದರೆ ಮೆದುವಾಗಿ ಸೊಟ್ಟಗಾಗುತ್ತದೆ, ಗಾಜಿನದಾದರೆ ಸೀಳುತ್ತದೆ. ಕೈ ಇಡಲು ಆಗುವಷ್ಟು ಬೆಚ್ಚಗಿನ ನೀರು ಸಾಕು. ಮುಚ್ಚಳ ಬಿಗಿಯಾಗಿರಬೇಕು, ನೀರು ಕತ್ತಿನವರೆಗೆ ಬರಬಾರದು.

ಹೋಟೆಲಿಗೆ 15 ಕಿಲೋ ಟಿನ್ ಕೊಡುತ್ತಿದ್ದರೆ ಇನ್ನೊಂದು ಎಚ್ಚರಿಕೆ. ಅವಸರದಲ್ಲಿ ಟಿನ್ನನ್ನೇ ಒಲೆಯ ಮೇಲಿಡುತ್ತಾರೆ. ತಳದ ಎಣ್ಣೆ ಸೀದು ಹೋಗುತ್ತದೆ, ಮೇಲೆ ಇನ್ನೂ ಗಟ್ಟಿ. ಮುಚ್ಚಿದ ಟಿನ್ ಆದರೆ ಒಳಗಿನ ಒತ್ತಡಕ್ಕೆ ಬಿರಿಯಬಹುದು. ನೀರು ಕಾಯಿಸುವ ರಾಡನ್ನು ಎಣ್ಣೆಗೇ ಇಳಿಸುವವರೂ ಇದ್ದಾರೆ. ಅದು ಬೆಂಕಿ ಅನಾಹುತಕ್ಕೆ ದಾರಿ. ಮುಚ್ಚಳ ತೆಗೆದ ಟಿನ್ನನ್ನು ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಇಡಬೇಕು ಎಂದು ನೀವೇ ಅಡುಗೆಯವರಿಗೆ ಬಾಯಿಬಿಟ್ಟು ಹೇಳಿ ಬನ್ನಿ. ಚೀಟಿ ಅಂಟಿಸಿದರೆ ಅವರು ಓದುವುದಿಲ್ಲ.

ಇನ್ನು ‘ಎಣ್ಣೆ ಕಡಿಮೆ ಇದೆ’ ಎಂಬ ದೂರು. ಗಟ್ಟಿಯಾಗುವಾಗ ಎಣ್ಣೆ ಕುಗ್ಗುತ್ತದೆ. ನಡುವೆ ಗುಳಿ ಬೀಳುತ್ತದೆ, ಮಟ್ಟ ಇಳಿದಂತೆ ಕಾಣುತ್ತದೆ. ಬಿಸಿ ಎಣ್ಣೆ ತುಂಬಿದ್ದರೆ ಇನ್ನೂ ಜಾಸ್ತಿ, ಬಾಟಲಿಯ ಪಕ್ಕವೂ ಒಳಗೆ ಸೆಳೆದುಕೊಳ್ಳುತ್ತದೆ. ತೂಕ ಮಾತ್ರ ಬದಲಾಗುವುದಿಲ್ಲ. ಅದಕ್ಕೇ ಅಳತೆಯಿಂದ ತುಂಬುವುದನ್ನು ಬಿಟ್ಟು ತಕ್ಕಡಿಯಿಂದ ತುಂಬಿ. ಮೊದಲು ಕೆಲವು ಕಂಪೆನಿಗಳು ಬಿಸಿ ಎಣ್ಣೆಯ ಲೆಕ್ಕದಲ್ಲಿ ಲೀಟರ್ ತೋರಿಸಿ ತೂಕ ಉಳಿಸಿಕೊಳ್ಳುತ್ತಿದ್ದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ, ಉಷ್ಣತೆ ನಮೂದಿಸದೆ ಲೀಟರ್ ಅಳತೆಯನ್ನೂ ಅದರ ಜೊತೆ ತೂಕವನ್ನೂ ಬರೆಯಬೇಕು ಎಂದು ಖಾದ್ಯ ತೈಲ ಪ್ಯಾಕ್ ಮಾಡುವವರಿಗೆ ತಿಳಿಸಿತು. ನಿಮ್ಮ ಲೇಬಲ್‌ನಲ್ಲಿ ಬರೀ ಲೀಟರ್ ಇದ್ದರೆ ಈಗಲೇ ಬದಲಿಸಿ. ಒಂದು ಲೀಟರ್ ತೆಂಗಿನೆಣ್ಣೆ ಸುಮಾರು 910-920 ಗ್ರಾಂ ತೂಗುತ್ತದೆ. ಲೇಬಲ್‌ನಲ್ಲಿ ಯಾವ ಅಂಕಿ ಹಾಕಿದ್ದೀರೋ ಅದಕ್ಕಿಂತ ಒಂದು ಗ್ರಾಮೂ ಕಡಿಮೆ ಇರಬಾರದು. ‘ತೂಕ ಹಾಕಿ ನೋಡಿ’ ಎಂದು ಧೈರ್ಯವಾಗಿ ಹೇಳುವವನ ಜೊತೆ ಗಿರಾಕಿ ಜಗಳವಾಡುವುದಿಲ್ಲ.

ಗಿರಾಕಿಗೆ ಹೇಳುವ ಮಾತು ಸರಳವಾಗಿರಲಿ. ನಾನಾದರೆ ಇಷ್ಟು ಬರೆಯುತ್ತೇನೆ: ‘ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಬಿಳಿಯಾಗಿ ಗಟ್ಟಿಯಾಗುವುದು ಸಹಜ. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ. ರುಚಿ, ಗುಣ ಬದಲಾಗುವುದಿಲ್ಲ.’ ಪುಣೆಗೆ ಮರಾಠಿಯಲ್ಲೂ, ದಿಲ್ಲಿಗೆ ಹಿಂದಿಯಲ್ಲೂ ಅಚ್ಚು ಹಾಕಿಸಿ. ಪಾರ್ಸೆಲ್ ಹೊರಟ ದಿನವೇ ಇದನ್ನು ವಾಟ್ಸಾಪ್‌ನಲ್ಲೂ ಕಳಿಸಿ. ಡಬ್ಬ ತೆರೆಯುವ ಮೊದಲು ತಿಳಿದಿದ್ದರೆ ಅದು ಮಾಹಿತಿ. ದೂರು ಬಂದ ಮೇಲೆ ಹೇಳಿದರೆ ಸಬೂಬಿನ ಹಾಗೆ ಕೇಳಿಸುತ್ತದೆ, ಅಲ್ವಾ?

ಜೊತೆಗೆ ನವೆಂಬರ್‌ನಲ್ಲಿ ಒಂದು ಬ್ಯಾಚಿನ ಸ್ಯಾಂಪಲನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕೊಡಿ. ಅಯೋಡಿನ್ ವ್ಯಾಲ್ಯೂ, ಆಸಿಡ್ ವ್ಯಾಲ್ಯೂ (ಕೊಬ್ಬು ಎಷ್ಟು ಒಡೆದಿದೆ ಎಂದು ತೋರಿಸುವ ಅಂಕಿ), ತೇವ, ಈ ಮೂರನ್ನಾದರೂ ನೋಡಿಸಿ. ಕೈಯಲ್ಲಿ ದುಡ್ಡಿದ್ದರೆ ಫ್ಯಾಟಿ ಆಸಿಡ್ ಪ್ರೊಫೈಲ್ (ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂಬ ಪಟ್ಟಿ) ಕೂಡ ಮಾಡಿಸಿ, ಪಾಮ್ ಕರ್ನೆಲ್ ಸಂಶಯಕ್ಕೆ ಅದೇ ಒಳ್ಳೆಯ ಉತ್ತರ. ಸ್ಯಾಂಪಲ್ ಕೊಟ್ಟ ಬ್ಯಾಚಿನ ನಂಬರು ರಿಪೋರ್ಟಿನ ಮೇಲೆ ಇರಬೇಕು. ಬೇರೆ ಬ್ಯಾಚಿನ ಬಾಟಲಿಗೆ ಅದೇ ರಿಪೋರ್ಟ್ ತೋರಿಸಬೇಡಿ.

ವಾಪಸ್ ಬಂದ ಬಾಟಲಿಗಳ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೀಲ್ ಒಡೆದದ್ದನ್ನು ಯಾವ ಕಾರಣಕ್ಕೂ ತಿನ್ನುವ ಎಣ್ಣೆಗೆ ಸೇರಿಸಬೇಡಿ. ಸೀಲ್ ಇರುವುದನ್ನೂ ಸುಮ್ನೆ ದೊಡ್ಡ ಟ್ಯಾಂಕಿಗೆ ಸುರಿಯಬೇಡಿ. ಪೂರ್ತಿ ಕರಗಿಸಿ, ಮೂಸಿ, ರುಚಿ ನೋಡಿ, ಒಂದೊಂದಾಗಿ ಪರೀಕ್ಷಿಸಿ. ಒಂದು ಬಾಟಲಿಯ ನೀರು ಇಡೀ ಟ್ಯಾಂಕನ್ನು ಕೆಡಿಸಬಲ್ಲದು.

ಕಳಿಸುವುದನ್ನೇ ನಿಲ್ಲಿಸಬೇಕೇ ಎಂದು ಕೇಳಿದಿರಿ. ಬೇಡ. ಚಳಿಯ ಎರಡು ತಿಂಗಳು ಮಾಯವಾದರೆ ಗಿರಾಕಿ ಇನ್ನೊಬ್ಬರ ಎಣ್ಣೆಗೆ ಒಗ್ಗಿಕೊಳ್ಳುತ್ತಾರೆ, ಬೇಸಿಗೆಗೆ ಮರಳುವುದು ಕಷ್ಟ. ಬೆಂಗಳೂರು, ಬೆಳಗಾವಿಗೆ ಚೀಟಿ ಹಾಕಿದ ಬಾಟಲಿ, ಪುಣೆಗೆ ಜಾಡಿ. ದಿಲ್ಲಿಗೆ ಮೊದಲ ಸಲ ತರಿಸುವವರಾದರೆ ಜನವರಿಯಲ್ಲಿ ಅರ್ಧ ಲೀಟರಿನ ಜಾಡಿಗಿಂತ ದೊಡ್ಡದು ಕೊಡಬೇಡಿ. ಹಳಬರಿಗೆ ಎಷ್ಟು ಬೇಕಾದರೂ ಕೊಡಿ, ಅವರಿಗೆ ನಿಮ್ಮ ಎಣ್ಣೆ ಗೊತ್ತು. ಜಾಡಿ ಮತ್ತು ಫಾಯಿಲ್ ಸೀಲಿನ ಆರ್ಡರನ್ನು ದೀಪಾವಳಿಗೆ ಮೊದಲೇ ಹಾಕಿಬಿಡಿ. ಚಳಿ ಬಿದ್ದ ಮೇಲೆ ಎಲ್ಲ ಮಿಲ್ಲಿನವರಿಗೂ ಅದೇ ಜಾಡಿ ಬೇಕಾಗುತ್ತದೆ.